ಮೈಯ ಅರಿವು: ಓದಿಗೆ, ನೋವಿಗೆ, ಪಾಠಕ್ಕೆ, ಹಳೆ ಅಭ್ಯಾಸ ಬಿಡುವುದಕ್ಕೆ ಮನೆಯಲ್ಲೇ ಶುರು ಮಾಡುವ ಬಗೆ

ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. ಉಡುಪಿಯ ಪಿಯುಸಿ ಹುಡುಗನ ತಾಯಿ, "ಎರಡು ಗಂಟೆ ಕೂತರೂ ತಲೆಗೆ ಹೋಗುವುದಿಲ್ಲವಂತೆ, ಕುತ್ತಿಗೆ ನೋವು ಬೇರೆ" ಎನ್ನುತ್ತಾರೆ. ಮಂಗಳೂರಿನ ಶಾಲಾ ಶಿಕ್ಷಕಿಗೆ ಮಧ್ಯಾಹ್ನ ಆಗುವಾಗ ಗಂಟಲು ಕಟ್ಟುತ್ತದೆ. ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುವ ಅಕ್ಕನಿಗೆ ಸೊಂಟದ ನೋವು ವರ್ಷಗಳಿಂದ ಉಂಟು. ಕೊನೆಗೆ ಎಲ್ಲರೂ ಕೇಳುವುದು ಇದನ್ನೇ: "ಬಾಡಿ ಅವೇರ್‌ನೆಸ್ ಅಂತ ಕೇಳಿದ್ದೇವೆ. ಅದು ಯೋಗವೋ, ಧ್ಯಾನವೋ, ವ್ಯಾಯಾಮವೋ? ನಾವು ಎಲ್ಲಿಂದ ಶುರು ಮಾಡಬೇಕು?"

ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೈಯ ಅರಿವು ಅಂದರೆ ಏನು

ಒಂದು ಕೆಲಸ ಮಾಡುವಾಗ ನಿಮ್ಮ ಮೈ ಅದನ್ನು ಹೇಗೆ ಮಾಡುತ್ತಿದೆ ಎಂದು ಆ ಹೊತ್ತಿನಲ್ಲೇ ನಿಮಗೆ ತಿಳಿಯುವುದು. ಇಷ್ಟೇ ಅದರ ಅರ್ಥ. ಈ ಸಾಲು ಓದುತ್ತಿರುವಾಗ ನಿಮ್ಮ ದವಡೆ ಬಿಗಿಯಾಗಿದೆಯೇ? ಫೋನ್ ಹಿಡಿದ ಕೈಯ ಭುಜ ಕಿವಿಯತ್ತ ಏರಿದೆಯೇ? ಉಸಿರು ನಡೆಯುತ್ತಿದೆಯೇ, ತಡೆದು ನಿಂತಿದೆಯೇ? ನಾನು ಕೇಳುವ ತನಕ ಇದು ನಿಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ. ಬಂದ ಕೂಡಲೇ ಏನೋ ಸ್ವಲ್ಪ ಸಡಿಲವಾಗಿರಬಹುದು. ನಾವು ಬೆಳೆಸಿಕೊಳ್ಳಬೇಕಾದ ಕೌಶಲ ಇದೇ.

ಇದರ ಬಗ್ಗೆ ಓದುವಾಗ ಎದುರಾಗುವ ಮೂರು ಪದಗಳಿವೆ.

ಪ್ರೊಪ್ರಿಯೊಸೆಪ್ಷನ್: ಕಣ್ಣು ಮುಚ್ಚಿದರೂ ನಿಮ್ಮ ಕೈ ಎಲ್ಲಿದೆ, ಮೊಣಕಾಲು ಎಷ್ಟು ಮಡಚಿದೆ ಎಂದು ತಿಳಿಸುವ ಇಂದ್ರಿಯ. ಸ್ನಾಯುಗಳ ಒಳಗೆ, ಸ್ನಾಯುರಜ್ಜುಗಳಲ್ಲಿ, ಕೀಲುಗಳಲ್ಲಿ ಇದಕ್ಕೆಂದೇ ಸಂವೇದಕಗಳಿವೆ. ಈ ಪದವನ್ನು 1906ರಲ್ಲಿ ಬಳಕೆಗೆ ತಂದವರು ಇಂಗ್ಲೆಂಡಿನ ಶರೀರವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್.

ಇಂಟರೊಸೆಪ್ಷನ್: ಹಸಿವು, ಬಾಯಾರಿಕೆ, ಎದೆಬಡಿತ, ಹೊಟ್ಟೆಯ ತಳಮಳ, ಉಸಿರಿನ ಸಾಕು–ಬೇಕು ಮುಂತಾದ ಒಳಗಿನ ಸುದ್ದಿ. ಕೋಪ, ಭಯ ಮೊದಲು ಗೊತ್ತಾಗುವುದೂ ಹೆಚ್ಚಾಗಿ ಇಲ್ಲಿಯೇ.

ವೆಸ್ಟಿಬ್ಯುಲರ್ ವ್ಯವಸ್ಥೆ: ಒಳಕಿವಿಯಲ್ಲಿರುವ, ತಲೆಯ ಚಲನೆಯನ್ನೂ ಸಮತೋಲವನ್ನೂ ತಿಳಿಸುವ ಅಂಗ.

ಈಗ ಯೋಗದ ಪ್ರಶ್ನೆ. ಶವಾಸನದಲ್ಲಿ ಅಂಗ ಅಂಗಕ್ಕೆ ಗಮನ ಒಯ್ಯುವುದು, ಮುಂಗೇರಿನ ಸ್ವಾಮಿ ಸತ್ಯಾನಂದ ಸರಸ್ವತಿ ರೂಪಿಸಿದ ಯೋಗನಿದ್ರೆ ಎಲ್ಲವೂ ಇದೇ ಕೌಶಲವನ್ನು ಬೆಳೆಸುವಂಥವು. ಪಶ್ಚಿಮದಲ್ಲೂ ಇದಕ್ಕೆ ಹಲವು ದಾರಿಗಳು ಹುಟ್ಟಿದವು. ಟಾಸ್ಮೇನಿಯಾದಲ್ಲಿ 1869ರಲ್ಲಿ ಹುಟ್ಟಿದ ಎಫ್. ಎಂ. ಅಲೆಕ್ಸಾಂಡರ್ ಒಬ್ಬ ನಟ. ವಾಚನ ಮಾಡುವಾಗ ಸ್ವರ ಹೋಗುತ್ತಿತ್ತು. ಕನ್ನಡಿಗಳ ಮುಂದೆ ನಿಂತು ನೋಡಿಕೊಂಡಾಗ, ಮಾತು ಶುರು ಮಾಡುವ ಕ್ಷಣದಲ್ಲೇ ತಾನು ತಲೆಯನ್ನು ಹಿಂದಕ್ಕೆ ಎಳೆದು ಗಂಟಲು ಒತ್ತುತ್ತಿರುವುದು ಕಂಡಿತು. ಅದನ್ನು ಬಿಡುವ ದಾರಿ ಹುಡುಕುತ್ತಾ ಕಟ್ಟಿದ್ದೇ ಅಲೆಕ್ಸಾಂಡರ್ ಪದ್ಧತಿ. ಭೌತವಿಜ್ಞಾನಿಯೂ ಜೂಡೋ ಪಟುವೂ ಆಗಿದ್ದ ಮೋಶೆ ಫೆಲ್ಡೆನ್‌ಕ್ರೈಸ್ (1904–1984) ತನ್ನ ಮೊಣಕಾಲಿನ ಗಾಯದ ಬೆನ್ನು ಹತ್ತಿ, ನೆಲದ ಮೇಲೆ ಮಲಗಿ ಮಾಡುವ ನಿಧಾನ ಚಲನೆಗಳ ಪದ್ಧತಿ ಕಟ್ಟಿದರು. 1979ರಲ್ಲಿ ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ ಜಾನ್ ಕಬಾಟ್-ಝಿನ್, ದೀರ್ಘಕಾಲದ ನೋವಿನಿಂದ ಬಳಲುವವರಿಗೆ ಮೈಯನ್ನು ಅಡಿಯಿಂದ ಮುಡಿಯವರೆಗೆ ಗಮನಿಸುವುದನ್ನು ಹೇಳಿಕೊಟ್ಟರು.

ಯಾವ ಹೆಸರಿನ ದಾರಿ ಹಿಡಿಯುತ್ತೀರಿ ಎಂಬುದಕ್ಕಿಂತ ಹೇಗೆ ಮಾಡುತ್ತೀರಿ ಎಂಬುದು ಮುಖ್ಯ. ಆಸನದ ಕೊನೆಯ ರೂಪ ಮುಟ್ಟಲು ಹಲ್ಲು ಕಚ್ಚಿ ಬಗ್ಗುವವರಿಗೆ ಯೋಗದಿಂದ ಈ ಅರಿವು ಬರುವುದಿಲ್ಲ. ಗಮನವಿಟ್ಟು ತೆಂಗಿನಕಾಯಿ ತುರಿಯುವವರಿಗೆ ಬರಬಹುದು.

ಶುರು ಮಾಡುವ ಮುಂಚೆ

ಬೇಕಾದ್ದು ಒಂದು ಚಾಪೆ, ಕೈಕಾಲು ಚಾಚುವಷ್ಟು ನೆಲ, 15ರಿಂದ 20 ನಿಮಿಷ, ಒಂದು ನೋಟ್‌ಬುಕ್. ಮೆತ್ತನೆ ಹಾಸಿಗೆ ಬೇಡ. ಅದು ನಿಮ್ಮ ಮೈಯ ಒತ್ತಡವನ್ನು ನುಂಗಿಬಿಡುತ್ತದೆ, ಎಲ್ಲಿ ತಾಗಿದೆ ಎಲ್ಲಿ ತಾಗಿಲ್ಲ ಎಂದು ತಿಳಿಯುವುದಿಲ್ಲ. ಮಳೆಗಾಲದಲ್ಲಿ ನೆಲ ತಣ್ಣಗಿದ್ದರೆ ಚಾಪೆಯ ಮೇಲೆ ಒಂದು ಕಂಬಳಿ ಹಾಸಿ. ಚಳಿಗೆ ಸ್ನಾಯು ತಾನಾಗಿ ಬಿಗಿಯುತ್ತದೆ. ನಮ್ಮ ಕರಾವಳಿಯ ಏಪ್ರಿಲ್, ಮೇ ಸೆಕೆಯಲ್ಲಿ ಬೆಳಗ್ಗೆ ಆರರ ಮೊದಲು ಮಾಡುವುದು ಒಳ್ಳೆಯದು. ಊಟ ಮಾಡಿ ಒಂದೂವರೆ ಗಂಟೆಯಾದರೂ ಆಗಿರಲಿ. ಫೋನ್ ಬೇರೆ ಕೋಣೆಯಲ್ಲಿರಲಿ.

ಪೂರ್ತಿ ನಿಶ್ಶಬ್ದ ಹುಡುಕುತ್ತಾ ಕೂರಬೇಡಿ. ಮಿಕ್ಸಿಯ ಸದ್ದು, ರಸ್ತೆಯ ಬಸ್ಸಿನ ಹಾರ್ನ್ ಇದ್ದೇ ಇರುತ್ತವೆ.

ಮನೆಯಲ್ಲಿ ಶುರು ಮಾಡುವ ಮುಂಚೆ ವೈದ್ಯರನ್ನು ಕಾಣಲೇಬೇಕಾದವರು ಯಾರು ಎಂಬುದನ್ನು ದಯವಿಟ್ಟು ಓದಿ. ಸೊಂಟನೋವಿನ ಜೊತೆ ಕಾಲಿನ ಶಕ್ತಿ ಕುಂದುತ್ತಿದ್ದರೆ, ತೊಡೆಗಳ ನಡುವೆ ಜೋಮು ಹಿಡಿದಿದ್ದರೆ, ಮೂತ್ರ–ಮಲದ ಹತೋಟಿ ತಪ್ಪಿದ್ದರೆ ಒಂದು ದಿನವೂ ಕಾಯಬಾರದು. ಬಿದ್ದ ಮೇಲೆ ಶುರುವಾದ ನೋವು, ಜ್ವರದೊಂದಿಗೆ ಬಂದ ನೋವು, ಕಾರಣವಿಲ್ಲದೆ ತೂಕ ಇಳಿಯುತ್ತಾ ಬಂದ ನೋವು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು ಕೂಡ ಹಾಗೆಯೇ. ಎದೆನೋವು ಎಡಗೈಗೋ ದವಡೆಗೋ ಹರಿದರೆ ಅದು "ಬಿಗಿ" ಎಂದು ಗಮನಿಸುತ್ತಾ ಮಲಗಬೇಡಿ, 108ಕ್ಕೆ ಕರೆ ಮಾಡಿ. ಗರ್ಭಿಣಿಯರು ಕೊನೆಯ ತಿಂಗಳುಗಳಲ್ಲಿ ಬೆನ್ನ ಮೇಲೆ ಮಲಗುವ ಬದಲು ಎಡಮಗ್ಗುಲಾಗಿ ಮಲಗಿ ಮಾಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಮ್ಮಿಯಾದವರು ಬರಿಗಾಲಲ್ಲಿ ಮಲ್ಪೆ, ಪಣಂಬೂರಿನ ಮರಳಲ್ಲಿ ನಡೆಯುವ ಸಲಹೆಯನ್ನು ಯಾರು ಕೊಟ್ಟರೂ ಒಪ್ಪಬೇಡಿ. ಚಿಪ್ಪು ಕೊಯ್ದರೂ ನಿಮಗೆ ಗೊತ್ತಾಗುವುದಿಲ್ಲ.

ಹಂತ 1: ನೆಲ ಏನು ಹೇಳುತ್ತದೆ, ಕೇಳಿ (ಮೊದಲ ವಾರ)

ಬೆನ್ನ ಮೇಲೆ ಮಲಗಿ. ಕಾಲು ಚಾಚಿದರೆ ಸೊಂಟ ಹಿಡಿಯುವುದಾದರೆ ಮೊಣಕಾಲು ಮಡಚಿ ಪಾದ ಊರಿ, ಇಲ್ಲವೇ ಮೊಣಕಾಲ ಕೆಳಗೆ ಸುರುಳಿ ಸುತ್ತಿದ ಹೊದಿಕೆ ಇಡಿ. ಕಣ್ಣು ಮುಚ್ಚುವುದು ನಿಮ್ಮ ಇಷ್ಟ.

ಹಿಮ್ಮಡಿಯಿಂದ ಶುರು ಮಾಡಿ. ಎರಡು ಹಿಮ್ಮಡಿಗಳಲ್ಲಿ ನೆಲಕ್ಕೆ ಹೆಚ್ಚು ಒತ್ತುತ್ತಿರುವುದು ಯಾವುದು? ಹಿಮ್ಮಡಿಯ ನಟ್ಟನಡುವೆಯೋ, ಹೊರಬದಿಗೋ? ಮೀನಖಂಡ, ಮೊಣಕಾಲ ಹಿಂಬದಿ, ತೊಡೆ, ಪೃಷ್ಠ ಹೀಗೆ ಮೇಲೇರಿ. ಸೊಂಟದ ಕೆಳಗೆ ಕೈ ತೂರುವಷ್ಟು ಜಾಗ ಉಂಟೇ? ಎಡ–ಬಲ ಭುಜದ ಹಲಗೆಗಳಲ್ಲಿ ನೆಲಕ್ಕೆ ಚೆನ್ನಾಗಿ ಕೂತಿರುವುದು ಯಾವುದು? ತಲೆ ನೆಲ ಮುಟ್ಟಿರುವುದು ಸರಿಯಾಗಿ ನಡುವೆಯೋ, ಒಂದು ಬದಿಗೆ ವಾಲಿಯೋ? ನಾಲಿಗೆ ಅಂಗುಳಿಗೆ ಒತ್ತಿಕೊಂಡಿದೆಯೇ? ಕೊನೆಗೆ ಉಸಿರು. ಅದನ್ನು ಉದ್ದ ಮಾಡಬೇಡಿ, ಆಳ ಮಾಡಬೇಡಿ. ಹೊಟ್ಟೆ, ಪಕ್ಕೆ, ಎದೆಗಳಲ್ಲಿ ಎಲ್ಲಿ ಏರಿಳಿಯುತ್ತಿದೆ ಎಂದು ನೋಡಿ, ಅಷ್ಟೇ ಸಾಕು.

ಎಲ್ಲರೂ ಎಡವುವ ಜಾಗ ಇದೇ. ಎಡಭುಜ ಏರಿದೆ ಎಂದು ಗೊತ್ತಾದ ತಕ್ಷಣ ಅದನ್ನು ಕೆಳಗೆ ಒತ್ತಿಬಿಡುತ್ತೀರಿ. ಆಗ ಇದ್ದ ಬಿಗಿಯ ಮೇಲೆ ಇನ್ನೊಂದು ಬಿಗಿ ಬಂದು ಕೂರುತ್ತದೆ. ಮೊದಲ ವಾರ ಏನನ್ನೂ ಸರಿಪಡಿಸಬೇಡಿ. ನೋಟ್‌ಬುಕ್‌ನಲ್ಲಿ ಒಂದೆರಡು ಸಾಲು ಬರೆದಿಡಿ: "ಬಲ ಹಿಮ್ಮಡಿ ಭಾರ. ಸೊಂಟ ಎತ್ತರ. ಉಸಿರು ಎದೆಯಲ್ಲಿ." ಮುಂದಿನ ವಾರಗಳಲ್ಲಿ ಹೋಲಿಸಲು ನಿಮ್ಮ ಕೈಯಲ್ಲಿರುವ ಅಳತೆ ಇದೊಂದೇ.

ಇನ್ನೊಂದು ದೂರು, "ನನಗೆ ಏನೂ ಗೊತ್ತಾಗುವುದಿಲ್ಲ" ಎನ್ನುವುದು. ಬೆನ್ನಿನ ಕೆಲವು ಭಾಗ ಖಾಲಿ ಇದ್ದಂತೆ ಅನಿಸುವುದು ತೀರಾ ಸಹಜ. ಮಿದುಳಿನಲ್ಲಿ ತುಟಿಗೆ, ಬೆರಳಿಗೆ ಮೀಸಲಾದಷ್ಟು ಜಾಗ ಬೆನ್ನಿಗೆ ಇಲ್ಲ. "ಇಲ್ಲಿ ಗೊತ್ತಾಗುತ್ತಿಲ್ಲ" ಎಂದು ಗುರುತಿಸಿದರೆ ಅದೂ ಅರಿವೇ, ಅದನ್ನೂ ಬರೆದಿಡಿ. ನಿದ್ದೆ ಬಂದರೆ ಮಲಗಿ ನಿದ್ದೆ ಮಾಡಿ. ನಿಮಗೆ ಬೇಕಾಗಿದ್ದದ್ದು ನಿದ್ದೆ. ಮರುದಿನ ಬೇರೆ ಹೊತ್ತಿನಲ್ಲಿ ಮಾಡಿ.

ಹಂತ 2: ಕಮ್ಮಿ ಬಲ, ನಿಧಾನ ಚಲನೆ (ಎರಡನೇ ವಾರದಿಂದ)

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

50 ಕಿಲೋ ಅಕ್ಕಿಮೂಟೆ ಹೊತ್ತವರ ಮೂಟೆಗೆ ಯಾರಾದರೂ ಇನ್ನೊಂದು ಹಿಡಿ ಅಕ್ಕಿ ಹಾಕಿದರೆ ಅವರಿಗೆ ತಿಳಿಯುವುದಿಲ್ಲ. ಬರಿಯ ಅಂಗೈಯಲ್ಲಿ ಒಂದು ಹಿಡಿ ಅಕ್ಕಿ ಇದ್ದು, ಇನ್ನೊಂದು ಹಿಡಿ ಹಾಕಿದರೆ ಕೂಡಲೇ ತಿಳಿಯುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಅರ್ನ್ಸ್ಟ್ ವೇಬರ್ ಇದನ್ನು ಪ್ರಯೋಗದಿಂದ ತೋರಿಸಿದರು: ನಾವು ಗುರುತಿಸಬಲ್ಲ ಅತಿ ಸಣ್ಣ ವ್ಯತ್ಯಾಸ, ಮೊದಲೇ ಇರುವ ಭಾರಕ್ಕೆ ತಕ್ಕಂತೆ ಹೆಚ್ಚುತ್ತದೆ. ಮೈಯಲ್ಲೂ ಹೀಗೆಯೇ. ನೀವು ಪೂರ್ತಿ ಬಲ ಹಾಕಿ ಮಾಡುವಾಗ ಯಾವ ಸ್ನಾಯು ಬೇಕಿಲ್ಲದೆ ದುಡಿಯುತ್ತಿದೆ ಎಂದು ತಿಳಿಯಲು ದಾರಿಯೇ ಇಲ್ಲ. ಬಲ ಇಳಿಸಿದಾಗ ತಿಳಿಯುತ್ತದೆ, ತಿಳಿದಾಗ ಬೇರೆ ಬಗೆಯಲ್ಲಿ ಮಾಡಲು ಬರುತ್ತದೆ.

ಈಗಲೇ ಮಾಡಿ ನೋಡಬಹುದಾದ ಒಂದು ಪ್ರಯೋಗ:

1. ಕೈಯಿಲ್ಲದ ಕುರ್ಚಿಯ ಅಂಚಿನ ಕಡೆಗೆ ಕೂತುಕೊಳ್ಳಿ, ಎರಡೂ ಪಾದ ನೆಲಕ್ಕೆ. ಹಗುರವಾಗಿ ಬಲಕ್ಕೆ ತಿರುಗಿ ನೋಡಿ. ಎಲ್ಲಿಯವರೆಗೆ ಸಲೀಸಾಗಿ ಕಾಣುತ್ತದೆ? ಗೋಡೆಯ ಮೇಲೆ ಒಂದು ಗುರುತು ಹಿಡಿದುಕೊಳ್ಳಿ. ಎಳೆತ ಬರುವ ಮೊದಲೇ ನಿಲ್ಲಿಸಿ, ಮರಳಿ ಬನ್ನಿ.

2. ಈಗ ತಲೆಯನ್ನು ಬಲಕ್ಕೆ ತಿರುಗಿಸುವಾಗ ಕಣ್ಣನ್ನು ಎದುರಿನ ಒಂದೇ ಬಿಂದುವಿನಲ್ಲಿ ನಿಲ್ಲಿಸಿ. ತಲೆ ಹೋಗುತ್ತದೆ, ಕಣ್ಣು ಹೋಗುವುದಿಲ್ಲ. ತುಂಬಾ ನಿಧಾನ, ಆರೇಳು ಸಲ. ಉಸಿರು ತಡೆದಿದ್ದರೆ ಇನ್ನೂ ಚಿಕ್ಕದಾಗಿ ಮಾಡಿ.

3. ಕೈ ತೊಡೆಯ ಮೇಲಿಟ್ಟು ಅರ್ಧ ನಿಮಿಷ ಸುಮ್ಮನಿರಿ.

4. ಈಗ ಎಡ ಮೊಣಕಾಲನ್ನು ಒಂದಿಷ್ಟು ಮುಂದೆ ಜಾರಿಸುತ್ತಾ ಬಲಕ್ಕೆ ತಿರುಗಿ. ಮೊಣಕಾಲು ಮುಂದೆ ಹೋದಾಗ ಸೊಂಟವೂ ತಿರುಗುವುದು, ಪಕ್ಕೆಲುಬುಗಳು ದಾರಿ ಬಿಡುವುದು ಗಮನಕ್ಕೆ ಬರುತ್ತದೆ. ಆರೇಳು ಸಲ.

5. ಮತ್ತೆ ಅರ್ಧ ನಿಮಿಷ ಬಿಡುವು. ಬಳಿಕ ಮೊದಲಿನ ಹಾಗೆ ಸುಮ್ಮನೆ ಬಲಕ್ಕೆ ತಿರುಗಿ, ಗೋಡೆಯ ಗುರುತು ನೋಡಿ.

ಹೆಚ್ಚಿನವರಿಗೆ ಗುರುತಿಗಿಂತ ಆಚೆ, ಮೊದಲಿಗಿಂತ ಸಲೀಸಾಗಿ ಕಾಣುತ್ತದೆ. ಇಷ್ಟು ಹೊತ್ತಿನಲ್ಲಿ ಯಾವ ಸ್ನಾಯುವೂ ಬಲಿತಿಲ್ಲ, ಉದ್ದವಾಗಿಲ್ಲ. "ತಿರುಗುವುದೆಂದರೆ ಕುತ್ತಿಗೆ ಮಾತ್ರ" ಎಂದುಕೊಂಡಿದ್ದ ಮೈಗೆ ಕಣ್ಣು, ಪಕ್ಕೆಲುಬು, ಸೊಂಟ ಕೂಡ ಈ ಕೆಲಸದಲ್ಲಿ ಸೇರುತ್ತವೆ ಎಂದು ಗೊತ್ತಾಯಿತು. ಎಡಕ್ಕೂ ಮಾಡಿ. ತಲೆಸುತ್ತು ಬರುವವರು ಎರಡನೆಯ ಭಾಗ ಬಿಟ್ಟುಬಿಡಿ.

ಮಲಗಿ ಮಾಡುವ ಇನ್ನೊಂದು ಚಲನೆ ಸೊಂಟದವರಿಗೆ. ಮೊಣಕಾಲು ಮಡಚಿ ಪಾದ ಊರಿ ಮಲಗಿ. ಸೊಂಟದ ಕೆಳಗಿನ ಖಾಲಿ ಜಾಗ ಕಮ್ಮಿಯಾಗಿ ಸೊಂಟ ನೆಲದ ಕಡೆಗೆ ಬರುವಂತೆ ಕಟಿಯನ್ನು (ಸೊಂಟದ ಕೆಳಗಿನ ಬಟ್ಟಲಿನಂಥ ಎಲುಬನ್ನು) ನಿಧಾನ ಉರುಳಿಸಿ, ಮತ್ತೆ ಮರಳಿ ಬನ್ನಿ. ಹೊಟ್ಟೆಯನ್ನು ಗಟ್ಟಿ ಮಾಡದೆ, ಪಾದದಿಂದ ನೆಲವನ್ನು ತುಸುವೇ ಒತ್ತಿ ಮಾಡಲು ಆಗುತ್ತದೆಯೇ ನೋಡಿ. ಕಟಿ ಉರುಳುವಾಗ ಗದ್ದ ಅಲುಗಾಡುತ್ತದೆಯೇ? ಅಲುಗಾಡಿದರೆ ಒಳ್ಳೆಯ ಲಕ್ಷಣ, ಬೆನ್ನೆಲುಬಿನ ಉದ್ದಕ್ಕೂ ಚಲನೆ ಹರಿಯುತ್ತಿದೆ. ಎಂಟು ಹತ್ತು ಸಲ ಮಾಡಿ, ಕಾಲು ಚಾಚಿ, ಹಂತ 1ರ ಹಾಗೆ ನೆಲವನ್ನು ಇನ್ನೊಮ್ಮೆ ಗಮನಿಸಿ.

ನಿಯಮ ಮೂರು: ನಿಮ್ಮಿಂದಾಗುವ ಬಲದ ಅರ್ಧಕ್ಕಿಂತ ಕಮ್ಮಿ ಹಾಕಿ, ನೋವಿನ ಗಡಿಗಿಂತ ಈಚೆಗೇ ನಿಲ್ಲಿಸಿ, ನಡುನಡುವೆ ಬಿಡುವು ಕೊಡಿ. ಬಿಡುವು ಕೊಟ್ಟಾಗಲೇ ವ್ಯತ್ಯಾಸ ಕಾಣುತ್ತದೆ, ಅದನ್ನು ಹಾರಿಸಬೇಡಿ. ಜಿಮ್ಮಿನಲ್ಲಿ ಪಳಗಿದವರಿಗೆ ಇದು ತೀರಾ ಕಷ್ಟ. ಹತ್ತರ ಬದಲು ಐವತ್ತು ಸಲ ಮಾಡಿದರೆ ಐದು ಪಟ್ಟು ಲಾಭ ಎಂದು ಅವರು ನಂಬಿರುತ್ತಾರೆ. ಹನ್ನೆರಡನೆಯ ಸಲಕ್ಕೆ ಗಮನ ತಪ್ಪುತ್ತದೆ, ಆಮೇಲಿನದೆಲ್ಲ ಬರೀ ಕಸರತ್ತು.

ಹಂತ 3: ಕೂತಲ್ಲಿ, ನಿಂತಲ್ಲಿ, ಬಗ್ಗಿದಲ್ಲಿ

ಚಾಪೆಯ ಮೇಲೆ ಕಲಿತದ್ದು ದಿನದೊಳಗೆ ಬರಬೇಕು. ಎರಡು ಜಾಗ ಸಾಕು.

ಮೊದಲನೆಯದು, ತೊಡೆಸಂದು. "ಸೊಂಟ ಬಗ್ಗಿಸು" ಎಂದಾಗ ನಾವು ಸೀರೆ ಕಟ್ಟುವ ಜಾಗದಲ್ಲಿ, ಬೆಲ್ಟಿನ ಜಾಗದಲ್ಲಿ ಮಡಚುತ್ತೇವೆ. ಮಡಚಲೆಂದೇ ಇರುವ ಕೀಲು ಅದಕ್ಕಿಂತ ಕೆಳಗೆ, ತೊಡೆ ಮತ್ತು ಹೊಟ್ಟೆ ಸೇರುವ ಗೆರೆಯ ಒಳಗಿದೆ. ನಿಂತು, ಬೆರಳನ್ನು ಆ ಗೆರೆಯಲ್ಲಿಟ್ಟು, ಮೊಣಕಾಲು ಸಡಿಲಬಿಟ್ಟು, ಬೆರಳು ಮಡಚಿನೊಳಗೆ ಸಿಕ್ಕಿಹಾಕಿಕೊಳ್ಳುವ ಹಾಗೆ ಬಗ್ಗಿ ನೋಡಿ. ಅಂಗಳ ಗುಡಿಸುವಾಗ, ಅಡಿಕೆ ಹೆಕ್ಕುವಾಗ, ಮೀನಿನ ಬುಟ್ಟಿ ಎತ್ತುವಾಗ, ಮಗುವನ್ನು ಎತ್ತಿಕೊಳ್ಳುವಾಗ ಈ ಮಡಚು ಬಳಸಿ.

ಎರಡನೆಯದು, ತಲೆ. ದೊಡ್ಡವರ ತಲೆ ಸುಮಾರು ನಾಲ್ಕೂವರೆಯಿಂದ ಐದು ಕಿಲೋ. ಅದು ಬೆನ್ನೆಲುಬಿನ ಮೇಲೆ ಕೂತಿರುವ ಜಾಗ ನಾವು ಅಂದುಕೊಂಡದ್ದಕ್ಕಿಂತ ಮೇಲೆ, ಸರಿಸುಮಾರು ಎರಡು ಕಿವಿಗಳ ನಡುವೆ. ಕಿವಿಯ ಬಳಿ ಬೆರಳಿಟ್ಟು ಅಲ್ಲಿಂದಲೇ ಸಣ್ಣದಾಗಿ "ಹೌದು" ಎಂದು ತಲೆಯಾಡಿಸಿ. ಫೋನ್ ನೋಡಲು ಅಷ್ಟು ಸಾಕು, ಇಡೀ ಕತ್ತು ಬಗ್ಗಿಸಬೇಕಿಲ್ಲ.

ಮಣಿಪಾಲ–ಉಡುಪಿ ಬಸ್ಸಿನಲ್ಲಿ ನಿಂತೇ ಹೋಗಬೇಕಾದವರಿಗೆ ಅದೂ ಅಭ್ಯಾಸದ ಹೊತ್ತು. ಕಂಬಿಯನ್ನು ಬೀಳದಿರುವಷ್ಟೇ ಬಿಗಿಯಾಗಿ ಹಿಡಿದು, ಮೊಣಕಾಲನ್ನು ಹಿಂದಕ್ಕೆ ಒತ್ತಿ ಲಾಕ್ ಮಾಡದೆ, ಪಾದದಲ್ಲಿ ಭಾರ ಎತ್ತ ಸರಿಯುತ್ತಿದೆ ಎಂದು ಗಮನಿಸಿ.

"ನೆಟ್ಟಗೆ ಕೂರಬೇಕಲ್ಲವೇ?" ಎಂದು ಕೇಳುವವರಿಗೆ: ಎಷ್ಟೇ ಸರಿಯಾದ ಭಂಗಿಯಾದರೂ ಅಲುಗಾಡದೆ ಒಂದು ಗಂಟೆ ಕೂತರೆ ನೋಯುತ್ತದೆ. ಬೀಡಿ ಕಟ್ಟುವವರು, ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವವರು, ಕಂಪ್ಯೂಟರ್ ಮುಂದಿರುವವರು ಅರ್ಧ ಗಂಟೆಗೊಮ್ಮೆ ಕೂರುವ ಬಗೆ ಬದಲಿಸಲಿ, ಕಾಲು ಚಾಚಲಿ, ಒಮ್ಮೆ ಎದ್ದು ನಿಲ್ಲಲಿ.

ಹಂತ 4: ಓದಿಗೆ, ಕಲಿಕೆಗೆ

ಓದುವ ಮಗುವಿನ ಮೈ ನೋಡಿ. ಕಷ್ಟದ ಲೆಕ್ಕ ಬಂದಾಗ ಉಸಿರು ನಿಲ್ಲುತ್ತದೆ, ಪೆನ್ಸಿಲ್ ಹಿಡಿದ ಬೆರಳು ಬಿಳಿಯಾಗುತ್ತದೆ, ನಾಲಿಗೆ ಹಲ್ಲಿನ ನಡುವೆ ಬರುತ್ತದೆ. ಶ್ರಮ ಪಡುತ್ತಿದ್ದಾನೆ ಎಂದು ನಮಗೆ ಸಮಾಧಾನ. ಆದರೆ ಆ ಶ್ರಮದ ಬಹುಪಾಲು ಲೆಕ್ಕಕ್ಕೆ ಹೋಗುತ್ತಿಲ್ಲ.

ಮಾಡಬೇಕಾದ್ದು ಇಷ್ಟು. ಓದಲು ಕೂರುವ ಮುಂಚೆ ಎರಡು ನಿಮಿಷ ಕುರ್ಚಿಯಲ್ಲಿ ಮುಂದೆ–ಹಿಂದೆ ತೂಗಿ, ಕೂರುವ ಎರಡು ಎಲುಬುಗಳ ಮೇಲೆ ಭಾರ ಸಮವಾಗಿ ಬೀಳುವ ಜಾಗ ಹುಡುಕಲಿ. 25–30 ನಿಮಿಷ ಓದಿ ಏಳಲಿ. ಏಳುವಾಗ ಫೋನ್ ಹಿಡಿಯದೆ ಕಿಟಕಿಯಿಂದ ದೂರದ ತೆಂಗಿನ ಗರಿಯನ್ನೋ ಆಕಾಶವನ್ನೋ ನೋಡಲಿ. ಹತ್ತಿರದ್ದನ್ನೇ ನೋಡುತ್ತಿದ್ದ ಕಣ್ಣಿನ ಒಳಸ್ನಾಯು ದೂರ ನೋಡಿದಾಗ ಸಡಿಲವಾಗುತ್ತದೆ. ಪುಟ ತಿರುವುವಾಗೆಲ್ಲ "ಹಲ್ಲು ಕಚ್ಚಿದ್ದೇನೆಯೇ?" ಎಂದು ತನ್ನನ್ನೇ ಒಮ್ಮೆ ಕೇಳಿಕೊಳ್ಳಲಿ. ರಾತ್ರಿ ನಿದ್ದೆ ಕೆಡಿಸಬೇಡಿ. ಹಗಲು ಕಲಿತ ಪಾಠವಾಗಲಿ, ಹೆಜ್ಜೆಯಾಗಲಿ ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ.

ಕಲೆ ಕಲಿಯುವವರಿಗೆ ಒಂದು ಮುಖ್ಯ ಎಚ್ಚರಿಕೆ ಹೇಳಬೇಕು. ಉಡುಪಿಯ ಯಕ್ಷಗಾನ ಕೇಂದ್ರದಲ್ಲಾಗಲಿ, ಊರಿನ ಯಾವುದೇ ಹೆಜ್ಜೆ ತರಗತಿಯಲ್ಲಾಗಲಿ, ಗುರುಗಳು ಬಾಯಿತಾಳ ಹೇಳುತ್ತಾ ಹೆಜ್ಜೆ ಹಾಕಿಸುತ್ತಾರೆ. ಗೆಜ್ಜೆ, ಕಿರೀಟ, ವೇಷದ ಭಾರ ಬರುವುದು ಆಮೇಲೆ. ಈ ಕ್ರಮದಲ್ಲಿ ದೊಡ್ಡ ತಿಳಿವಳಿಕೆ ಉಂಟು: ಭಾರ ಇಲ್ಲದಾಗ ಹೆಜ್ಜೆಯ ತಪ್ಪು ಮೈಗೇ ಗೊತ್ತಾಗುತ್ತದೆ. ಮೊಣಕಾಲು ಒಳಗೆ ವಾಲುತ್ತಿದೆಯೇ, ದಿಗಿಣದಿಂದ (ಯಕ್ಷಗಾನದ ನೆಗೆತದಿಂದ) ಇಳಿಯುವಾಗ ಪಾದ ಮೊದಲು ಎಲ್ಲಿ ತಾಗುತ್ತದೆ ಎಂಬುದನ್ನೆಲ್ಲ ಗಮನಿಸಬೇಕಾದ್ದು ಅಭ್ಯಾಸದ ಹೊತ್ತಿನಲ್ಲಿ, ಒಂದು ಸಲಕ್ಕೆ ಒಂದನ್ನೇ. ರಂಗಸ್ಥಳ ಏರಿದ ಮೇಲೆ ಮೊಣಕಾಲನ್ನು ಮರೆತುಬಿಡಿ. ಚೆಂಡೆ, ಭಾಗವತರ ಸ್ವರ, ಎದುರು ವೇಷದ ಮೇಲೆ ಗಮನವಿರಲಿ. ಚಲನೆಯ ಕಲಿಕೆಯನ್ನು ಅಧ್ಯಯನ ಮಾಡಿದ ಗೇಬ್ರಿಯೇಲ್ ವುಲ್ಫ್ ಮತ್ತು ಜೊತೆಗಾರರ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡದ್ದೂ ಇದೇ: ಕೈಕಾಲಿನ ಮೇಲೆ ಗಮನ ಇಟ್ಟವರಿಗಿಂತ ಚಲನೆಯ ಪರಿಣಾಮದ ಮೇಲೆ ಗಮನ ಇಟ್ಟವರು ಚೆನ್ನಾಗಿ ಮಾಡುತ್ತಾರೆ. ಕ್ರಿಕೆಟ್ ಆಡುವವರಿಗೂ, ವೇದಿಕೆಯಲ್ಲಿ ಹಾಡುವವರಿಗೂ ಈ ಮಾತು ಸಲ್ಲುತ್ತದೆ.

ಹಂತ 5: ನೋವು, ಚೇತರಿಕೆ

ವೈದ್ಯರು ನೋಡಿ, "ಅಪಾಯವೇನಿಲ್ಲ" ಎಂದ ಮೇಲೂ ಮೂರು ತಿಂಗಳಿಗಿಂತ ಹೆಚ್ಚು ಉಳಿದ ನೋವಿನ ಮಾತು ಇದು. ಇಂಥ ನೋವಿನಲ್ಲಿ ಗಾಯ ಮಾಗಿರಬಹುದು, ನರವ್ಯೂಹ ಇನ್ನೂ ಕಾವಲು ಸಡಿಲಿಸಿರುವುದಿಲ್ಲ. ನೋವು ನಿಜ, ಅದನ್ನು ಯಾರೂ ಕಲ್ಪನೆ ಎನ್ನಬಾರದು. ಆದರೆ ನೋವು ಇದ್ದಷ್ಟೇ ಹಾನಿಯೂ ಆಗುತ್ತಿದೆ ಎಂದೇನಿಲ್ಲ.

ಮೊದಲ ಹೆಜ್ಜೆ, ನೋವಿಲ್ಲದ ಒಂದು ಜಾಗ ಹುಡುಕುವುದು. ಅಂಗೈ ಇರಬಹುದು, ಕಿವಿಯ ಹಾಲೆ ಇರಬಹುದು, ಪಾದ ಇರಬಹುದು. ಒಂದು ನಿಮಿಷ ಅಲ್ಲಿಯೇ ಇರಿ: ಬಿಸಿಯೋ ತಣ್ಣಗೋ, ಬಟ್ಟೆ ತಾಗಿದೆಯೋ. ಬಳಿಕ ನೋವಿನ ಜಾಗದ ಅಂಚಿಗೆ ಹೋಗಿ, ನಡುವಿಗೆ ಬೇಡ. ನಾಲ್ಕು ಉಸಿರಿನಷ್ಟು ಹೊತ್ತು. ಮತ್ತೆ ಅಂಗೈಗೆ ಮರಳಿ. ಹೀಗೆ ಹೋಗಿ ಬರುವುದು ನಾಲ್ಕೈದು ಸಲ. ಇಪ್ಪತ್ತು ನಿಮಿಷ ನೋವನ್ನೇ ದಿಟ್ಟಿಸುತ್ತಾ ಮಲಗಿದರೆ ಹಲವರಿಗೆ ನೋವು ಹೆಚ್ಚಾಗುತ್ತದೆ. ಆಮೇಲೆ "ಇದು ನನಗೆ ಆಗುವುದಿಲ್ಲ" ಎಂದು ಬಿಟ್ಟುಬಿಡುತ್ತಾರೆ. ಬಿಡಬೇಕಾದ್ದು ಆ ದಿಟ್ಟಿಸುವುದನ್ನು.

ಎರಡನೆಯ ಹೆಜ್ಜೆ ಚಲನೆ. ಕೈ ಎತ್ತುವಾಗ ಭುಜದ ಎತ್ತರಕ್ಕೆ ಬಂದಾಗ ನೋವು ಬರುತ್ತದೆ ಎಂದರೆ ಅದರ ಅರ್ಧಕ್ಕೆ ನಿಲ್ಲಿಸಿ, ಅಷ್ಟರಲ್ಲೇ ಬೇರೆ ಬೇರೆ ಬಗೆ ನೋಡಿ. ಅಂಗೈ ಮೇಲೆ ಮಾಡಿ ಎತ್ತಿದರೆ ಹೇಗೆ? ಉಸಿರು ಬಿಡುತ್ತಾ ಎತ್ತಿದರೆ? ಮೇಜಿನ ಮೇಲೆ ಬಟ್ಟೆ ಜಾರಿಸುತ್ತಾ ಹೋದರೆ? ಮರುದಿನ ಅದೇ ಹೊತ್ತಿಗೆ ನೋವು ಹೆಚ್ಚಿದ್ದರೆ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ, ಹಾಗಿಲ್ಲದಿದ್ದರೆ ಸ್ವಲ್ಪ ಹೆಚ್ಚಿಸಿ. ಕೆಲವರು ನೋವು ಕಮ್ಮಿ ಇದ್ದ ದಿನ ವಾರದ ಕೆಲಸವೆಲ್ಲ ಮುಗಿಸಿ ಮುಂದಿನ ಮೂರು ದಿನ ಮಲಗುತ್ತಾರೆ. ಒಳ್ಳೆಯ ದಿನವೂ ಕೆಟ್ಟ ದಿನವೂ ಹತ್ತಿರ ಹತ್ತಿರ ಒಂದೇ ಅಳತೆ ಇರಲಿ.

ಅಲುಗಾಡಿಸಲೇ ಆಗದವರಿಗೆ, ಅಂದರೆ ಪ್ಲಾಸ್ಟರ್ ಹಾಕಿದವರಿಗೆ, ಪಾರ್ಶ್ವವಾಯು ಆಗಿ ಕೈ ಸ್ವಾಧೀನ ಇಲ್ಲದವರಿಗೆ, ಚಲನೆಯನ್ನು ಮನಸ್ಸಿನಲ್ಲಿ ವಿವರವಾಗಿ ಮಾಡುವುದೂ ಅಭ್ಯಾಸವೇ. ನಿಜ ಚಲನೆಯಲ್ಲಿ ದುಡಿಯುವ ಮಿದುಳಿನ ಭಾಗಗಳಲ್ಲಿ ಹಲವು, ಕಲ್ಪಿಸಿಕೊಂಡಾಗಲೂ ದುಡಿಯುತ್ತವೆ. ಕನ್ನಡಿಯಲ್ಲಿ ಸ್ವಸ್ಥ ಕೈಯ ಬಿಂಬ ನೋಡುತ್ತಾ ಮಾಡುವ ಚಿಕಿತ್ಸೆಯನ್ನು ಪರಿಚಯಿಸಿದವರು ಚೆನ್ನೈನಲ್ಲಿ ಓದಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್. ಈಗ ಪಾರ್ಶ್ವವಾಯು ಚಿಕಿತ್ಸೆಯಲ್ಲಿ ಅದು ಬಳಕೆಯಲ್ಲಿದೆ. ಆದರೆ ಇದನ್ನೆಲ್ಲ ಫಿಸಿಯೋಥೆರಪಿಸ್ಟ್ ಹೇಳಿದ ಕ್ರಮದಲ್ಲಿ ಮಾಡಿ, ನಿಮ್ಮಷ್ಟಕ್ಕೆ ಬೇಡ. ಮಂಗಳೂರಿನ ವೆನ್ಲಾಕ್, ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಕಂಕನಾಡಿಯ ಫಾದರ್ ಮುಲ್ಲರ್ ಇರುವ ನಮ್ಮ ಜಿಲ್ಲೆಗಳಲ್ಲಿ ಕೇಳಲು ಜಾಗಕ್ಕೆ ಕೊರತೆಯಿಲ್ಲ.

"ಇದಕ್ಕೆ ಪುರಾವೆ ಉಂಟೇ?" ಎಂದು ಕೇಳುವುದು ನ್ಯಾಯ. ಒಂದು ಒಳ್ಳೆಯ ಪ್ರಯೋಗ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ದೀರ್ಘಕಾಲದ ಅಥವಾ ಮರುಕಳಿಸುವ ಬೆನ್ನುನೋವಿನ 579 ಜನರ ಮೇಲೆ ನಡೆದ ಅಧ್ಯಯನ 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಒಂದು ವರ್ಷದ ಬಳಿಕ, ಎಂದಿನ ಚಿಕಿತ್ಸೆ ಮಾತ್ರ ಪಡೆದವರು ನಾಲ್ಕು ವಾರದಲ್ಲಿ ನೋವಿನಿಂದ ಕಳೆದ ದಿನಗಳ ಮಧ್ಯಾಂಕ (ಎಲ್ಲರ ಅಂಕಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿಟ್ಟರೆ ನಡುವೆ ಬರುವುದು) 21. ಅಲೆಕ್ಸಾಂಡರ್ ಪದ್ಧತಿಯ 24 ಪಾಠ ಪಡೆದವರಲ್ಲಿ 3. ಆರು ಪಾಠಗಳ ಜೊತೆ ದಿನವೂ ನಡೆಯಲು ಸಲಹೆ ಪಡೆದವರಿಗೂ ಹತ್ತಿರ ಹತ್ತಿರ ಅಷ್ಟೇ ಲಾಭವಾಗಿತ್ತು. ಇದು ಬೆನ್ನುನೋವಿನ ಮಾತು. ಇದೇ ಅಂಕಿ ತೋರಿಸಿ ಸಕ್ಕರೆ ಕಾಯಿಲೆಯನ್ನೋ ಕ್ಯಾನ್ಸರನ್ನೋ ಗುಣಪಡಿಸುತ್ತೇವೆ ಎನ್ನುವವರನ್ನು ನಂಬಬೇಡಿ, ನಡೆಯುತ್ತಿರುವ ಔಷಧಿ ನಿಲ್ಲಿಸಬೇಡಿ.

ಮನಸ್ಸಿನ ಗಾಯ ಇರುವವರಿಗೆ ಪ್ರತ್ಯೇಕವಾಗಿ ಹೇಳಬೇಕು. ಹಿಂದೆ ಹಿಂಸೆ, ಅಪಘಾತ ಕಂಡವರು ಕಣ್ಣು ಮುಚ್ಚಿ ಮೈಯೊಳಗೆ ಇಳಿದಾಗ ಹಳೆಯದೆಲ್ಲ ನುಗ್ಗಿ ಬರಬಹುದು. ಗಾಬರಿ ಸ್ವಭಾವದವರಿಗೆ ಎದೆಬಡಿತ ಗಮನಿಸಿದಷ್ಟೂ ಗಾಬರಿ ಹೆಚ್ಚಬಹುದು. ಹಾಗಾದರೆ ಕೂಡಲೇ ಕಣ್ಣು ತೆರೆಯಿರಿ, ಎದ್ದು ಕೂತು ಪಾದವನ್ನು ನೆಲಕ್ಕೆ ಒತ್ತಿ, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಿ. ಮುಂದೆ ಕಣ್ಣು ತೆರೆದೇ, ನಡೆಯುತ್ತಲೇ ಅಭ್ಯಾಸ ಮಾಡಿ. ಪದೇ ಪದೇ ಹೀಗಾದರೆ ಆಪ್ತಸಮಾಲೋಚಕರ ಜೊತೆಗಿದ್ದು ಮಾಡಬೇಕು. ಸರ್ಕಾರದ ಟೆಲಿ-ಮನಸ್ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಹಂತ 6: ಕಲಿಸುವವರಿಗೆ

ಶಿಕ್ಷಕರೇ, ಮೊದಲು ನಿಮ್ಮ ಮೈ. ತರಗತಿಯ ಬಾಗಿಲಲ್ಲಿ ಒಂದು ಉಸಿರು ಬಿಡುವಷ್ಟು ಹೊತ್ತು ನಿಂತು ಪಾದ ನೆಲದಲ್ಲಿರುವುದನ್ನು ಗಮನಿಸಿ ಒಳಗೆ ಹೋಗಿ. ಉಸಿರು ಹೊರಬಿಡುವಾಗ ಎದೆಬಡಿತ ತುಸು ನಿಧಾನವಾಗುತ್ತದೆ, ಆದ್ದರಿಂದ ಹೊರಬಿಡುವುದು ಉದ್ದವಿರಲಿ. ಗದ್ದಲದ ಮೇಲೆ ಸ್ವರ ಏರಿಸುವ ಕ್ಷಣದಲ್ಲಿ ಗದ್ದ ಮೇಲೆದ್ದು ಕುತ್ತಿಗೆಯ ಹಿಂಬದಿ ಒತ್ತುತ್ತದೆಯೇ ನೋಡಿ. ಎರಡು–ಮೂರು ವಾರದಲ್ಲೂ ಬಿಡದ ಗಂಟಲ ಗೊಗ್ಗರಿಗೆ ಕಿವಿ–ಮೂಗು–ಗಂಟಲು ತಜ್ಞರನ್ನು ಕಾಣಿ. ಸ್ವರದ ಬಳಕೆ ಹೇಳಿಕೊಡುವ ವಾಕ್–ಶ್ರವಣ ವಿಭಾಗ ಮಣಿಪಾಲದಲ್ಲೂ ಮಂಗಳೂರಿನಲ್ಲೂ ಇದೆ.

ಮಕ್ಕಳಿಗೆ "ಅಲುಗಾಡಬೇಡ" ಎಂದು ದಿನಕ್ಕೆ ಎಷ್ಟು ಸಲ ಹೇಳುತ್ತೀರೋ ಅಷ್ಟು ಸಲ ಕಲಿಕೆಯ ಒಂದು ದಾರಿ ಮುಚ್ಚುತ್ತೀರಿ. ಇದು ನನ್ನ ಗಟ್ಟಿ ಅಭಿಪ್ರಾಯ. ಮಗ್ಗಿಯನ್ನು ಚಪ್ಪಾಳೆ ತಟ್ಟುತ್ತಾ ಹೇಳಿಸಿ. ಕೋನಗಳನ್ನು ತೋಳಿನಲ್ಲಿ ಮಾಡಿಸಿ. "ನೆಟ್ಟಗೆ ಕೂತ್ಕೋ" ಎನ್ನುವ ಬದಲು "ಪಾದ ಎಲ್ಲುಂಟು? ನೆಲಕ್ಕೆ ತಾಗಿದೆಯಾ?" ಎಂದು ಕೇಳಿ. ಆಜ್ಞೆಗೆ ಮಗು ಬಿಗಿಯುತ್ತದೆ, ಪ್ರಶ್ನೆಗೆ ತನ್ನ ಮೈಯನ್ನು ನೋಡುತ್ತದೆ.

ಸ್ಪರ್ಶದ ವಿಷಯದಲ್ಲಿ ಸಡಿಲ ಬೇಡ. ಭಂಗಿ ತಿದ್ದಲು ಮಗುವನ್ನಾಗಲಿ ದೊಡ್ಡವರನ್ನಾಗಲಿ ಕೇಳದೆ ಮುಟ್ಟಬಾರದು. "ಬೇಡ" ಎಂದರೆ ಕಾರಣ ಕೇಳಬಾರದು. ಮಾತಿನಲ್ಲಿ ಹೇಳಿ, ನೀವೇ ಮಾಡಿ ತೋರಿಸಿ. ತನ್ನ ಮೈಯ ಮೇಲೆ ತನಗೆ ಹಕ್ಕುಂಟು ಎಂದು ಮಗುವಿಗೆ ತಿಳಿಯುವುದೂ ಮೈಯ ಅರಿವಿನ ಪಾಠವೇ.

ಹಂತ 7: ಹಳೆ ಅಭ್ಯಾಸ ಬಿಡುವುದು

ಒಂದೇ ಒಂದು ಸಂದರ್ಭ ಆರಿಸಿ: ಫೋನ್ ರಿಂಗಾಗುವುದು, ಮಗು ಹಾಲು ಚೆಲ್ಲುವುದು, ಸಿಗರೇಟಿನ ಆಸೆ ಬರುವುದು. ಮೊದಲ ವಾರ ಬದಲಾವಣೆ ಬೇಡ, ಆ ಕ್ಷಣದಲ್ಲಿ ಮೈ ಮೊದಲು ಏನು ಮಾಡುತ್ತದೆ ಎಂಬುದನ್ನಷ್ಟೇ ಪತ್ತೆ ಮಾಡಿ. ಭುಜ ಏರುತ್ತದೆಯೇ, ಹೊಟ್ಟೆ ಕಿವುಚುತ್ತದೆಯೇ, ಕೈ ಜೇಬಿಗೆ ಹೋಗುತ್ತದೆಯೇ? ಎರಡನೆಯ ವಾರ, ಆ ಮೊದಲ ಸುಳಿವು ಸಿಕ್ಕ ಕೂಡಲೇ ಒಂದು ಉಸಿರಿನಷ್ಟು ನಿಲ್ಲಿ. ಆಮೇಲೆ ಬೇಕಿದ್ದರೆ ಎಂದಿನಂತೆಯೇ ಮಾಡಿ. ಫೋನನ್ನು ಎರಡು ರಿಂಗ್ ಬಿಟ್ಟು ಎತ್ತಿ. ಬೇಡದ್ದನ್ನು ಮಾಡದೆ ಇರುವ ಈ ಕ್ಷಣವನ್ನೇ ಅಲೆಕ್ಸಾಂಡರ್ ತನ್ನ ಪದ್ಧತಿಯ ಬುಡದಲ್ಲಿಟ್ಟದ್ದು.

ತಂಬಾಕಿನ ಆಸೆ ಏರಿ, ತುದಿ ಮುಟ್ಟಿ, ಹೆಚ್ಚಾಗಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಬಾಯಲ್ಲೋ, ಎದೆಯಲ್ಲೋ, ಬೆರಳಲ್ಲೋ ಅದು ಎಲ್ಲಿ ಏರುತ್ತದೆ ಎಂದು ಹಿಂಬಾಲಿಸಿ ನೋಡಿದವರಿಗೆ ಆ ನಿಮಿಷಗಳನ್ನು ದಾಟಲು ಒಂದು ಹಿಡಿ ಸಿಗುತ್ತದೆ. ಹಲವು ವರ್ಷದ ಚಟಕ್ಕೆ ಇದೊಂದೇ ಸಾಲದು. ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-112-356ಕ್ಕೂ ಕರೆ ಮಾಡಿ.

ಗುರುಗಳನ್ನು ಹುಡುಕುವುದಾದರೆ

ಮನೆಯಲ್ಲಿ ಒಂದು ತಿಂಗಳು ಮಾಡಿ, ಬಳಿಕ ಹುಡುಕಿ. ಆಗ ನಿಮಗೆ ಏನು ಬೇಕು ಎಂದು ಗೊತ್ತಿರುತ್ತದೆ. ಅಲೆಕ್ಸಾಂಡರ್ ಶಿಕ್ಷಕರ ತರಬೇತಿ ಸಾಮಾನ್ಯವಾಗಿ ಮೂರು ವರ್ಷ, 1600 ಗಂಟೆ. ವಾರಾಂತ್ಯದ ಶಿಬಿರ ಮುಗಿಸಿ ಬೋರ್ಡ್ ಹಾಕಿದವರಿದ್ದಾರೆ, ಆದ್ದರಿಂದ ಎಲ್ಲಿ, ಎಷ್ಟು ಕಾಲ ಕಲಿತಿರಿ ಎಂದು ಸಂಕೋಚವಿಲ್ಲದೆ ಕೇಳಿ. ಯೋಗ ಗುರುಗಳಾದರೆ, "ನೋವು ಬಂದರೆ ಏನು ಮಾಡಲಿ?" ಎಂದು ಕೇಳಿ ನೋಡಿ. "ತಡೆದುಕೊಳ್ಳಿ" ಎಂದರೆ ಬೇರೆಯವರನ್ನು ಹುಡುಕಿ. "ನಿಲ್ಲಿಸಿ, ಬೇರೆ ಬಗೆ ನೋಡೋಣ" ಎಂದರೆ ಅಲ್ಲಿಗೆ ಹೋಗಬಹುದು.

ಹೊರಗೆ ಹೋಗಲು ಆಗದವರು ದಿನಕ್ಕೆ 15 ನಿಮಿಷ, ವಾರಕ್ಕೆ ಐದು ದಿನ ಹಂತ 1 ಮತ್ತು 2 ಮಾಡುತ್ತಾ, ಉಳಿದವುಗಳಲ್ಲಿ ನಿಮಗೆ ಬೇಕಾದ ಒಂದೇ ಹಂತ ಸೇರಿಸಿ. ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಆರನೇ ವಾರ ನೋಟ್‌ಬುಕ್ ತೆರೆದು ಮೊದಲ ವಾರದ ಸಾಲುಗಳ ಜೊತೆ ಹೋಲಿಸಿ. ಏನೂ ಬದಲಾಗಿಲ್ಲ ಎನಿಸಿದರೆ ಮೊದಲು ಬಲವನ್ನು ಇನ್ನೂ ಅರ್ಧಕ್ಕೆ ಇಳಿಸಿ, ಬಿಡುವನ್ನು ಎರಡು ಪಟ್ಟು ಮಾಡಿ ಎರಡು ವಾರ ನೋಡಿ. ಆಗಲೂ ನೋವು ಅಷ್ಟೇ ಇದ್ದರೆ ನೋಟ್‌ಬುಕ್ ಹಿಡಿದುಕೊಂಡೇ ವೈದ್ಯರ ಬಳಿಗೋ ಫಿಸಿಯೋಥೆರಪಿಸ್ಟ್ ಬಳಿಗೋ ಹೋಗಿ. ಯಾವ ಚಲನೆಗೆ, ಯಾವ ಹೊತ್ತಿಗೆ, ಎಲ್ಲಿ ನೋವು ಎಂದು ಬರೆದಿಟ್ಟದ್ದು ಅವರ ಕೆಲಸವನ್ನು ಹಗುರ ಮಾಡುತ್ತದೆ.